ದೂರದ ಒಡೆಯ, ಹತ್ತಿರದ ನೆರೆಯವ

ದಾವಣಗೆರೆಯ ಸರಸ್ವತಿ ನಗರದಲ್ಲಿ ನಾವು ವಾಸಿಸುವ ಬೀದಿಯಲ್ಲಿ ಒಂದು ಚಿಕ್ಕ ಮನೆಯಿದೆ. ಎರಡು ಕೋಣೆ, ಮುಂದೊಂದು ಜಗುಲಿ, ಹಿತ್ತಲಲ್ಲಿ ಒಂದು ನುಗ್ಗೆ ಮರ. ಒಂದೂವರೆ ವರ್ಷದಿಂದ ಅದರ ಬಾಗಿಲಿಗೆ ಬೀಗ ಬಿದ್ದಿತ್ತು. ಅದರ ಒಡೆಯರು ಶಾರ್ಜಾದಲ್ಲಿದ್ದಾರೆ. ಬೀಗದ ಕೈ ನಮ್ಮ ಮನೆಯ ಗೋಡೆಯ ಮೊಳೆಯೊಂದರಲ್ಲಿ ತೂಗುತ್ತಿತ್ತು. ಈ ಲೇಖನವನ್ನು ಬರೆಯಲು ಆ ಬೀಗದ ಕೈಯೇ ಕಾರಣ.

ಆ ಮನೆಯಲ್ಲಿ ಹಿಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಸಹೋದರರ ಸಂಸಾರ ಬಾಡಿಗೆಗಿತ್ತು. ಹನ್ನೊಂದು ವರ್ಷ ಅವರು ಅಲ್ಲಿದ್ದರು. ಅವರ ಇಬ್ಬರು ಮಕ್ಕಳು ನಮ್ಮಲ್ಲಿ ಕುರ್‌ಆನ್ ಓದಲು ಕಲಿತವರು. ಹಳೆಯ ಮಾಲೀಕರು ಮನೆಯನ್ನು ಮಾರಲು ಮನಸ್ಸು ಮಾಡಿದಾಗ ಆ ಸಹೋದರರು ಆರು ತಿಂಗಳ ಕಾಲಾವಕಾಶ ಕೇಳಿದರು. ಹೆಂಡತಿಯ ಒಡವೆ, ಊರಿನ ತುಂಡು ಜಮೀನು, ಸಂಬಂಧಿಕರ ಕೈಸಾಲ ಎಲ್ಲವನ್ನೂ ಸೇರಿಸಿದರೆ ಬೆಲೆ ಹೊಂದುತ್ತದೆ ಎಂಬುದು ಅವರ ಲೆಕ್ಕವಾಗಿತ್ತು. ಅಷ್ಟರಲ್ಲಿ ಶಾರ್ಜಾದಿಂದ ದೂರವಾಣಿ ಕರೆ ಬಂತು. ನಮಗೆ ಪರಿಚಿತರೇ ಆದ ಒಬ್ಬರು ಕೇಳಿದ ಬೆಲೆಗಿಂತ ಸ್ವಲ್ಪ ಹೆಚ್ಚೇ ಕೊಟ್ಟು, ಒಂದೇ ಕಂತಿನಲ್ಲಿ ಹಣ ಪಾವತಿಸಲು ಸಿದ್ಧರಿದ್ದರು. ಮಾಲೀಕರು ಒಪ್ಪಿದರು. ಉಪನೋಂದಣಿ ಕಚೇರಿಯಲ್ಲಿ ಸಾಕ್ಷಿಯಾಗಿ ಸಹಿ ಹಾಕಿದವರು ನಾವೇ.

ನಾವು ಕಾನೂನಿಗೆ ವಿರುದ್ಧವಾದುದನ್ನೇನೂ ಮಾಡಿರಲಿಲ್ಲ. ಕೊಂಡವರ ಹಣ ಹಲಾಲ್ ಆಗಿತ್ತು, ಮಾರಿದವರ ಒಪ್ಪಿಗೆ ಇತ್ತು, ಪತ್ರ ಶುದ್ಧವಾಗಿತ್ತು. ಆದರೂ ಆ ಸಂಸಾರ ಸಾಮಾನುಗಳನ್ನು ಆಟೋದಲ್ಲಿ ಹೇರಿಕೊಂಡು ಊರಿನ ಇನ್ನೊಂದು ಅಂಚಿಗೆ ಹೊರಟ ದಿನ ನಮ್ಮ ಮನಸ್ಸು ನಮ್ಮನ್ನೇ ಒಂದು ಪ್ರಶ್ನೆ ಕೇಳಿತು. ಆ ಆರು ತಿಂಗಳನ್ನು ಕೊಡಿಸಲು ನಾವು ಒಂದು ಮಾತನ್ನಾದರೂ ಆಡಿದೆವೆಯೇ? ಆಡಿರಲಿಲ್ಲ. ಮಕ್ಕಳು ಮದ್ರಸಕ್ಕೆ ಬರುವುದು ನಿಂತಿತು. ಅಷ್ಟು ದೂರದಿಂದ ಬೆಳಗಿನ ಜಾವ ಅವರನ್ನು ಕರೆತರುವವರು ಯಾರು?

ಪ್ರಿಯ ಓದುಗರೇ,

ಹೊರನಾಡಿನ ಶ್ರೀಮಂತರು ಬಂದು ಮನೆಗಳನ್ನು ಕೊಂಡುಕೊಳ್ಳುತ್ತಾರೆ, ಸ್ಥಳೀಯರಿಗೆ ಸೂರು ಸಿಗುತ್ತಿಲ್ಲ ಎಂಬ ಕೂಗನ್ನು ನಾವು ಇಂದು ಜಗತ್ತಿನ ನಾನಾ ಭಾಗಗಳಿಂದ ಕೇಳುತ್ತಿದ್ದೇವೆ. ನ್ಯೂಝಿಲೆಂಡ್ 2018ರಲ್ಲಿ ಕಾನೂನು ತಂದು ಹೆಚ್ಚಿನ ವಿದೇಶೀಯರು ಅಲ್ಲಿನ ಹಳೆಯ ಮನೆಗಳನ್ನು ಕೊಳ್ಳದಂತೆ ತಡೆಯಿತು. ಕೆನಡಾ 2023ರ ಜನವರಿ 1ರಿಂದ ಅಂತಹದೇ ನಿಷೇಧ ಹೇರಿ, ಬಳಿಕ ಅದನ್ನು ವಿಸ್ತರಿಸಿತು. ಸಿಂಗಾಪುರ ಅದೇ ವರ್ಷದ ಏಪ್ರಿಲ್‌ನಲ್ಲಿ ವಿದೇಶಿ ಖರೀದಿದಾರರ ಮೇಲಿನ ಹೆಚ್ಚುವರಿ ಮುದ್ರಾಂಕ ಶುಲ್ಕವನ್ನು ಶೇ. 60ಕ್ಕೆ ಏರಿಸಿತು. ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡುತ್ತಿದ್ದ ಪೋರ್ಚುಗಲ್ 2023ರಲ್ಲಿ ಆ ಬಾಗಿಲನ್ನು ಮುಚ್ಚಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಆಸ್ಟ್ರೇಲಿಯಾ ಕೂಡ ಅದೇ ತಿಂಗಳಿನಿಂದ ಎರಡು ವರ್ಷಗಳ ತಡೆ ಹಾಕಿದೆ. ಇವೆಲ್ಲವೂ ಮುಕ್ತ ಮಾರುಕಟ್ಟೆಯನ್ನು ಹಾಡಿ ಹೊಗಳುವ ದೇಶಗಳೇ ಎಂಬುದನ್ನು ಗಮನಿಸಬೇಕು. ಮನೆಯೆಂಬುದು ಇತರ ಸರಕುಗಳಂತಲ್ಲ, ದೂರದ ಹಣ ಹತ್ತಿರದ ಮನುಷ್ಯನನ್ನು ಅವನ ಊರಿನಿಂದಲೇ ಹೊರದಬ್ಬಬಲ್ಲದು ಎಂಬ ಪಾಠವನ್ನು ಅವು ತಡವಾಗಿ ಕಲಿತವು.

ಇದಕ್ಕೆ ತೀರಾ ವಿರುದ್ಧವಾದ ದಾರಿ ಹಿಡಿದುದು ದುಬೈ. 2002ರಲ್ಲಿ ಅಲ್ಲಿನ ಆಡಳಿತ ಪರದೇಶೀಯರಿಗೂ ಸ್ಥಿರಾಸ್ತಿಯ ಪೂರ್ಣ ಒಡೆತನದ ಬಾಗಿಲು ತೆರೆಯಿತು. 2006ರ ಕಾನೂನು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಆ ಹಕ್ಕಿಗೆ ಗಟ್ಟಿಯಾದ ನೆಲೆ ಒದಗಿಸಿತು. ಇಂದು 20 ಲಕ್ಷ ದಿರ್ಹಮ್, ಎಂದರೆ ನಾಲ್ಕೂವರೆ ಕೋಟಿ ರೂಪಾಯಿಗೂ ಮೇಲ್ಪಟ್ಟ ಬೆಲೆಯ ಆಸ್ತಿ ಕೊಂಡವರಿಗೆ ಹತ್ತು ವರ್ಷಗಳ ಗೋಲ್ಡನ್ ವೀಸಾ ಸಿಗುತ್ತದೆ. ಅಲ್ಲಿ ಅತಿ ಹೆಚ್ಚು ಆಸ್ತಿ ಕೊಳ್ಳುವ ಪರದೇಶೀಯರಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದಾರೆ. ನಮ್ಮ ರಿಸರ್ವ್ ಬ್ಯಾಂಕಿನ ನಿಯಮದಂತೆ ದೇಶದಲ್ಲಿ ವಾಸಿಸುವ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ನಾಲ್ವರ ಕುಟುಂಬವೊಂದು ಸೇರಿದರೆ ಅದು 10 ಲಕ್ಷ ಡಾಲರ್. ಬೆಂಗಳೂರಿನ ತಾರಾ ಹೋಟೆಲುಗಳಲ್ಲಿ ದುಬೈ ಫ್ಲ್ಯಾಟುಗಳ ಪ್ರದರ್ಶನ ನಡೆಯುವುದೂ, ಮದುವೆ ಮನೆಗಳಲ್ಲಿ ನಮ್ಮವರು ಚದರಡಿ ಮತ್ತು ದಿರ್ಹಮ್‌ಗಳ ಭಾಷೆಯಲ್ಲಿ ಮಾತನಾಡುವುದೂ ಈಗ ಹೊಸತೇನಲ್ಲ.

ಆದರೆ ನಾವು ಇದನ್ನು ಓದುವಾಗ ನಮಗೆ ಅರಿವಿಲ್ಲದೆಯೇ ಒಂದು ತಪ್ಪು ಮಾಡುತ್ತೇವೆ. ಹೊರಗಿನಿಂದ ಬಂದು ಕೊಳ್ಳುವ ಶ್ರೀಮಂತನೆಂದರೆ ಲಂಡನ್ನಿನಲ್ಲಿ ಬಂಗಲೆ ಕೊಳ್ಳುವ ಯಾರೋ ದೊರೆ, ದುಬೈಯಲ್ಲಿ ಇಡೀ ಅಂತಸ್ತನ್ನೇ ಕೊಳ್ಳುವ ಯಾರೋ ಉದ್ಯಮಿ ಎಂದು ಭಾವಿಸುತ್ತೇವೆ. ಸರಸ್ವತಿ ನಗರದ ಮಂಡಕ್ಕಿ ಭಟ್ಟಿಯ ಕಾರ್ಮಿಕನ ಕಣ್ಣಿಗೆ ಶಾರ್ಜಾದಿಂದ ಒಂದೇ ಕಂತಿನಲ್ಲಿ ಹಣ ಕಳುಹಿಸಿದವರೇ ಹೊರಗಿನ ಶ್ರೀಮಂತರು. ಅವರು ನಮ್ಮವರೇ ಆಗಿರಬಹುದು, ನಮ್ಮ ಮಸೀದಿಯಲ್ಲೇ ಈದ್ ನಮಾಝ್ ಮಾಡುವವರಾಗಿರಬಹುದು. ದಿರ್ಹಮ್ ಮತ್ತು ರೂಪಾಯಿಯ ನಡುವಿನ ಅಂತರ ಮಾತ್ರ ಸಂಬಂಧವನ್ನು ನೋಡುವುದಿಲ್ಲ.

ನಮ್ಮ ಊರಿನ ಸ್ಥಿತಿಯನ್ನೇ ನೋಡಿ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಗಿರಣಿಗಳ ಸದ್ದು ಅಡಗಿ ದಶಕಗಳಾದವು. ಪಕ್ಕದ ಹರಿಹರದಲ್ಲಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಕೆಲಸ ಹೋದಾಗ ಮಕ್ಕಳು ಬೆಂಗಳೂರಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ದುಡಿಮೆ ಹೋದ ಊರಿನಲ್ಲಿ ನೆಲದ ಬೆಲೆ ಇಳಿಯಬೇಕಿತ್ತು. ಆದರೆ ಅದು ಏರಿತು. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, ಕಾಲೇಜುಗಳೂ ಆಸ್ಪತ್ರೆಗಳೂ ಬೆಳೆದವು, 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ ಊರಿನ ಹೆಸರು ಬಂತು. ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ಕಲ್ಲು ನೆಟ್ಟ ನಿವೇಶನಗಳು ಸಾಲುಗಟ್ಟಿವೆ. ಅವುಗಳಲ್ಲಿ ಎಷ್ಟೋ ನಿವೇಶನಗಳಲ್ಲಿ ಜಾಲಿ ಗಿಡ ಬೆಳೆದಿದೆ, ಮನೆಯಲ್ಲ. ಒಡೆಯರು ಬೆಂಗಳೂರಿನಲ್ಲೋ, ಜಿದ್ದಾದಲ್ಲೋ, ದಮ್ಮಾಮಿನಲ್ಲೋ ಇದ್ದುಕೊಂಡು ಬೆಲೆ ಏರುವುದನ್ನು ಕಾಯುತ್ತಿದ್ದಾರೆ. ಕರಾವಳಿಯ ಊರುಗಳಲ್ಲಿ ಕೊಲ್ಲಿಯ ಹಣದಿಂದ ಎದ್ದುನಿಂತ ಎಷ್ಟೋ ದೊಡ್ಡ ಮನೆಗಳು ವರ್ಷದ ಬಹುಕಾಲ ಕತ್ತಲಲ್ಲಿರುವುದನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ.

ಹಾಗಾದರೆ ಭೂಮಿ ಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಇಸ್ಲಾಮ್ ಖಾಸಗಿ ಒಡೆತನವನ್ನು ಗೌರವಿಸುತ್ತದೆ. ಬೇರೊಬ್ಬರ ಒಂದು ಗೇಣು ಭೂಮಿಯನ್ನು ಅನ್ಯಾಯವಾಗಿ ಕಬಳಿಸಿದವನಿಗೆ ಅಂತ್ಯದಿನದಂದು ಕಠಿಣ ಶಿಕ್ಷೆಯಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹೊರಗಿನಿಂದ ಬಂದವನು ಕೊಳ್ಳಬಾರದೆಂದೂ ಇಲ್ಲ. ಸ್ವತಃ ಪ್ರವಾದಿವರ್ಯರು(ಸ) ಮದೀನಾಕ್ಕೆ ಹೊರಗಿನಿಂದ ಬಂದವರು. ಅಲ್ಲಿ ಅವರ ಮಸೀದಿ ನಿರ್ಮಾಣವಾದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಅದನ್ನು ದಾನವಾಗಿ ಕೊಡಲು ಜನರು ಮುಂದಾದರೂ ಅವರು ಒಪ್ಪದೆ ಬೆಲೆ ಕೊಟ್ಟೇ ಕೊಂಡರು. ಮದೀನಾದಲ್ಲಿ ಮುಸ್ಲಿಮರು ಮಾಡಿದ ಮೊದಲ ಭೂಖರೀದಿಗಳಲ್ಲಿ ಒಂದಾದ ಇದರಲ್ಲೇ ಎರಡು ಪಾಠಗಳಿವೆ. ದುರ್ಬಲನ ಹಕ್ಕಿಗೆ ಪೂರ್ಣ ಬೆಲೆ ಸಲ್ಲಬೇಕು. ಕೊಂಡ ಭೂಮಿ ಊರಿನ ಉಪಯೋಗಕ್ಕೆ ಬರಬೇಕು.

ಹಝ್ರತ್ ಉಸ್ಮಾನ್(ರ) ಕೂಡ ಮಕ್ಕಾದಿಂದ ಬಂದ ಶ್ರೀಮಂತರು. ಮದೀನಾದಲ್ಲಿ ಸಿಹಿನೀರಿನ ರೂಮಾ ಬಾವಿಯನ್ನು ಅದರ ಒಡೆಯ ಬೆಲೆಗೆ ಮಾರುತ್ತಿದ್ದಾಗ ಅವರು ಆ ಬಾವಿಯನ್ನು ಕೊಂಡರು. ಹೊರಗಿನಿಂದ ಬಂದ ಸಿರಿವಂತನೊಬ್ಬ ಊರಿನ ಅತ್ಯಗತ್ಯ ಸ್ಥಿರಾಸ್ತಿಯನ್ನು ತನ್ನದಾಗಿಸಿಕೊಂಡ ಪ್ರಸಂಗವೇ ಇದು. ಆದರೆ ಕೊಂಡ ಮರುಕ್ಷಣವೇ ಅವರು ಅದನ್ನು ಎಲ್ಲರಿಗಾಗಿ ಬಿಟ್ಟುಕೊಟ್ಟರು. ಹಝ್ರತ್ ಉಮರ್(ರ) ಅವರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ದೊರೆತಾಗ ಏನು ಮಾಡಲಿ ಎಂದು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಮೂಲವನ್ನು ಮಾರದಂತೆ ಹಿಡಿದಿಟ್ಟು ಅದರ ಫಲವನ್ನು ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ ಬಿಟ್ಟರು. ನಮ್ಮ ವಕ್ಫ್ ಪರಂಪರೆಗೆ ಈ ಜಮೀನು ಬುನಾದಿ. ಆದುದರಿಂದ ದೂರದ ಹಣ ಊರಿಗೆ ಬರುವುದನ್ನು ನಾವು ಆಕ್ಷೇಪಿಸುತ್ತಿಲ್ಲ. ಬಂದ ಹಣ ಊರಿಗೆ ಏನು ಮಾಡುತ್ತದೆ ಎಂದು ಕೇಳುತ್ತಿದ್ದೇವೆ.

ಮಾರುವವನಿಗೂ ಇಲ್ಲಿ ಒಂದು ಹೊಣೆಯಿದೆ. ಸಹೀಹ್ ಬುಖಾರಿಯಲ್ಲಿ ಅಬೂ ರಾಫಿಅ್(ರ) ಅವರ ಪ್ರಸಂಗ ಬರುತ್ತದೆ. ಅವರು ತಮ್ಮ ಎರಡು ಕೋಣೆಗಳನ್ನು ಸಅದ್ ಬಿನ್ ಅಬೀ ವಕ್ಕಾಸ್(ರ) ಅವರಿಗೆ ಮಾರಲು ಮುಂದಾದರು. ಸಅದ್(ರ) ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲಾರೆ, ಅದನ್ನೂ ಕಂತುಗಳಲ್ಲಿ ಕೊಡುವೆ ಎಂದರು. ಅಬೂ ರಾಫಿಅ್ ಅವರಿಗೆ ಬೇರೆ ಕಡೆಯಿಂದ ಐನೂರು ದೀನಾರ್, ಎಂದರೆ ಅದಕ್ಕಿಂತ ಹೆಚ್ಚಿನ ಬೆಲೆ ಬಂದಿತ್ತು. ಆದರೂ ನೆರೆಯವನಿಗೆ ಹೆಚ್ಚಿನ ಹಕ್ಕಿದೆ ಎಂಬ ಪ್ರವಾದಿವರ್ಯರ(ಸ) ಉಪದೇಶವನ್ನು ತಾವು ಕೇಳಿರುವುದರಿಂದಲೇ ಕಡಿಮೆ ಬೆಲೆಗೆ ಕೊಡುತ್ತಿರುವುದಾಗಿ ಹೇಳಿ ಸಅದ್ ಅವರಿಗೇ ಕೊಟ್ಟರು. ಈ ಹದೀಸನ್ನು ನಾವು ವಿದ್ಯಾರ್ಥಿಯಾಗಿದ್ದಾಗ ಓದಿದ್ದೆವು, ಶಿಕ್ಷಕರಾದ ಮೇಲೆ ಬೋಧಿಸಿದ್ದೆವು. ಎರಡು ಕೋಣೆಯ ಮನೆ, ಕಂತುಗಳಲ್ಲಿ ಕೊಡಬಯಸುವ ಹತ್ತಿರದವನು, ಹೆಚ್ಚು ಹಣವನ್ನು ಒಮ್ಮೆಲೇ ಕೊಡಬಯಸುವ ಇನ್ನೊಬ್ಬ. ನಮ್ಮ ಬೀದಿಯಲ್ಲಿ ಅದೇ ಪ್ರಸಂಗ ನಡೆಯಿತು. ಪುಸ್ತಕದಲ್ಲಿ ಗುರುತಿಸಿದ್ದನ್ನು ಬೀದಿಯಲ್ಲಿ ನಾವು ಗುರುತಿಸಲಿಲ್ಲ.

ಈ ಬೋಧನೆಯಿಂದಲೇ ಫಿಕ್ಹ್ ಗ್ರಂಥಗಳ ಶುಫ್‌ಅಃ ಎಂಬ ಅಧ್ಯಾಯ ಬೆಳೆಯಿತು. ಹನಫೀ ಮದ್‌ಹಬ್‌ನಲ್ಲಿ ಆಸ್ತಿಯ ಪಾಲುದಾರನಿಗೆ ಮೊದಲ ಹಕ್ಕು, ದಾರಿ ಅಥವಾ ನೀರಿನ ಹಕ್ಕಿನಲ್ಲಿ ಸಹಭಾಗಿಯಾದವನಿಗೆ ಎರಡನೆಯದು, ಗೋಡೆಗೆ ಗೋಡೆ ತಾಗಿದ ನೆರೆಯವನಿಗೆ ಮೂರನೆಯದು. ಶಾಫಿಈ ವಿದ್ವಾಂಸರು ಈ ಹಕ್ಕನ್ನು ಪಾಲುದಾರನಿಗಷ್ಟೇ ಸೀಮಿತಗೊಳಿಸಿದ್ದಾರೆ. ನೆರೆಯವನೆಂಬ ಒಂದೇ ಕಾರಣಕ್ಕೆ ಖರೀದಿಯ ಹಕ್ಕು ಕೇಳುವುದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ತೀರ್ಪು ನೀಡಿದೆ. ಇದಲ್ಲದೆ ಬಾಡಿಗೆದಾರನಿಗೆ ಹನಫೀ ಫಿಕ್ಹ್‌ನಲ್ಲೂ ಶುಫ್‌ಅಃ ಇಲ್ಲ. ಅದು ಒಡೆತನವುಳ್ಳವರ ನಡುವಿನ ಹಕ್ಕು. ಇದನ್ನು ನಾವು ಮುಚ್ಚಿಡುವುದಿಲ್ಲ. ಮಂಡಕ್ಕಿ ಭಟ್ಟಿಯ ಆ ಸಹೋದರರು ಯಾವ ನ್ಯಾಯಾಲಯದಲ್ಲೂ ಯಾವ ದಾರುಲ್ ಕಝಾದಲ್ಲೂ ಗೆಲ್ಲುತ್ತಿರಲಿಲ್ಲ. ಆದರೆ ಹಕ್ಕು ಮುಗಿಯುವಲ್ಲಿ ಇಹ್ಸಾನ್ ಆರಂಭವಾಗುತ್ತದೆ. ನೆರೆಯವನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ ಅವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತಂತೆ. ಹನ್ನೊಂದು ವರ್ಷ ಗೋಡೆಯಾಚೆ ಬಾಳಿದವನು ನೆರೆಯವನಲ್ಲದೆ ಮತ್ತಾರು?

ಇನ್ನು ಕೊಂಡು ಬೀಗ ಹಾಕುವ, ಕೊಂಡು ಬೇಲಿ ಸುತ್ತಿ ಕಾಯುವ ವಿಷಯ. ಪ್ರವಾದಿವರ್ಯರು(ಸ) ಬಿಲಾಲ್ ಬಿನ್ ಹಾರಿಸ್(ರ) ಅವರಿಗೆ ಅಕೀಕ್ ಎಂಬಲ್ಲಿ ವಿಶಾಲವಾದ ಭೂಮಿಯನ್ನು ನೀಡಿದ್ದರು. ಹಝ್ರತ್ ಉಮರ್(ರ) ತಮ್ಮ ಆಡಳಿತಾವಧಿಯಲ್ಲಿ ಅವರನ್ನು ಕರೆದು, ಎಷ್ಟನ್ನು ಉಪಯೋಗಕ್ಕೆ ತರಲು ಸಾಧ್ಯವೋ ಅಷ್ಟನ್ನು ಇಟ್ಟುಕೊಳ್ಳುವಂತೆ ಹೇಳಿ ಉಳಿದುದನ್ನು ಜನರಿಗೆ ಹಂಚಿದರು. ಅದು ರಾಜ್ಯ ನೀಡಿದ ಭೂಮಿ, ನಮ್ಮದು ಹಣ ಕೊಟ್ಟು ಕೊಂಡದ್ದು ಎಂದು ಯಾರಾದರೂ ಹೇಳಬಹುದು. ವ್ಯತ್ಯಾಸ ನಿಜ, ಆದುದರಿಂದ ಖರೀದಿಸಿದ ಆಸ್ತಿಯನ್ನು ಕಿತ್ತುಕೊಳ್ಳಲು ಇದನ್ನು ಆಧಾರವಾಗಿ ಬಳಸಲಾಗದು. ಆದರೆ ಭೂಮಿ ಸುಮ್ಮನೆ ಬಿದ್ದಿರುವುದು ಖಲೀಫರ ಕಣ್ಣಿಗೆ ಸಣ್ಣ ವಿಷಯವಾಗಿರಲಿಲ್ಲ ಎಂಬುದಂತೂ ಸ್ಪಷ್ಟ. ಬೆಲೆ ಏರಲೆಂದು ಸರಕನ್ನು ತಡೆಹಿಡಿಯುವ ಇಹ್ತಿಕಾರ್ ನಿಷಿದ್ಧ. ಅನೇಕ ವಿದ್ವಾಂಸರು ಅದನ್ನು ಆಹಾರ ಪದಾರ್ಥಗಳಿಗೆ ಅನ್ವಯಿಸಿದರೆ, ಇಮಾಮ್ ಅಬೂ ಯೂಸುಫ್(ರಹ್) ತಡೆಹಿಡಿಯುವುದರಿಂದ ಜನರಿಗೆ ತೊಂದರೆಯಾಗುವ ಯಾವುದೇ ವಸ್ತುವಿಗೂ ಅದು ಅನ್ವಯಿಸುತ್ತದೆ ಎಂದರು. ಸೂರು ಸಿಗದೆ ಜನರು ಪರದಾಡುವ ಊರಿನಲ್ಲಿ ಸಾಲು ಸಾಲು ಮನೆಗಳಿಗೆ ಬೀಗ ಹಾಕಿಡುವುದು ಈ ಅಭಿಪ್ರಾಯದ ವ್ಯಾಪ್ತಿಯೊಳಗೆ ಬರುವುದೋ ಇಲ್ಲವೋ ಎಂದು ನಮ್ಮ ಉಲಮಾಗಳು ಗಂಭೀರವಾಗಿ ಚರ್ಚಿಸಬೇಕು.

ಇದು ನಮ್ಮ ನಾಡಿಗೂ ಅಪರಿಚಿತವಾದ ವಿಚಾರವಲ್ಲ. ಊರಲ್ಲಿಲ್ಲದ ಒಡೆಯ, ಮೈಬಗ್ಗಿಸಿ ದುಡಿಯುವ ಗೇಣಿದಾರ ಎಂಬ ವ್ಯವಸ್ಥೆಯನ್ನು ಮುರಿಯಲೆಂದೇ ದೇವರಾಜ ಅರಸರ ಸರಕಾರ 1974ರಲ್ಲಿ ಭೂಸುಧಾರಣಾ ಕಾಯ್ದೆಯನ್ನು ಬಿಗಿಗೊಳಿಸಿತು. ಅದರಿಂದ ಭೂಮಿ ಪಡೆದವರಲ್ಲಿ ಮುಸ್ಲಿಮ್ ಗೇಣಿದಾರರೂ ಇದ್ದರು. 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಹುದಾಗಿದೆ. ಹಣವುಳ್ಳವರ ದೃಷ್ಟಿ ಮತ್ತೆ ಗದ್ದೆ ತೋಟಗಳತ್ತ ಹರಿದಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅನಿವಾಸಿ ಭಾರತೀಯರು ಈ ದೇಶದಲ್ಲಿ ಮನೆ, ನಿವೇಶನ, ಅಂಗಡಿಗಳನ್ನು ಕೊಳ್ಳಬಹುದು. ಆದರೆ ವಿದೇಶಿ ವಿನಿಮಯ ನಿಯಮಗಳಂತೆ ಕೃಷಿಭೂಮಿ, ಪ್ಲಾಂಟೇಶನ್ ಮತ್ತು ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ಈ ನಿಯಮವನ್ನು ತಪ್ಪಿಸಲು ಕೆಲವರು ಭಾವನ ಹೆಸರಿನಲ್ಲೋ ಗೆಳೆಯನ ಹೆಸರಿನಲ್ಲೋ ಗದ್ದೆ ಕೊಳ್ಳುತ್ತಾರೆ. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯಂತೆ ಅಂತಹ ಆಸ್ತಿ ಮುಟ್ಟುಗೋಲಾಗಬಹುದು. ಒಂದರಿಂದ ಏಳು ವರ್ಷಗಳ ಸೆರೆವಾಸ ಮತ್ತು ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ ಬೀಳಬಹುದು. ಅದಕ್ಕಿಂತ ಕೆಟ್ಟದ್ದು ಮನೆಯೊಳಗೆ ನಡೆಯುತ್ತದೆ. ಹಣ ಕೊಟ್ಟವನು ಪರದೇಶದಲ್ಲಿ ಕಣ್ಣು ಮುಚ್ಚಿದರೆ ಅವನ ವಿಧವೆಗೆ, ಹೆಣ್ಣುಮಕ್ಕಳಿಗೆ ಅಲ್ಲಾಹನು ನಿಗದಿಪಡಿಸಿದ ಪಾಲು ಯಾವ ಕಾಗದದಲ್ಲೂ ಇರುವುದಿಲ್ಲ. ಅವರು ಕೇಳಿದರೆ ಹೆಸರಿದ್ದವನು ಪತ್ರವನ್ನು ತೋರಿಸುತ್ತಾನೆ. ಕುರ್‌ಆನ್ ಸಾಲದ ವ್ಯವಹಾರವನ್ನು ಬರೆದಿಡಲು ಇಷ್ಟು ವಿವರವಾಗಿ ಆದೇಶಿಸಿದ್ದು ಬರೆಯದ ನಂಬಿಕೆ ಎಲ್ಲಿಗೆ ಮುಟ್ಟುತ್ತದೆಂದು ಅಲ್ಲಾಹನು ಬಲ್ಲನಾದುದರಿಂದಲೇ.

ಝಕಾತಿನ ವಿಷಯದಲ್ಲೂ ನಮ್ಮಲ್ಲಿ ದೊಡ್ಡ ಮರೆವಿದೆ. ವಾಸಕ್ಕಾಗಿ ಕೊಂಡ ಮನೆಗೆ ಝಕಾತ್ ಇಲ್ಲ. ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಗೂ ಝಕಾತ್ ಇಲ್ಲ. ಬಾಡಿಗೆ ಹಣದಲ್ಲಿ ಉಳಿತಾಯವಾದುದಕ್ಕೆ ನಿಯಮಾನುಸಾರ ಕೊಡಬೇಕು. ಆದರೆ ಮುಂದೆ ಲಾಭಕ್ಕೆ ಮಾರುವ ಖಚಿತ ಉದ್ದೇಶದಿಂದಲೇ ಕೊಂಡ ನಿವೇಶನ ಹನಫೀ ಮತದಂತೆ ವ್ಯಾಪಾರದ ಸರಕು. ಪ್ರತಿ ಚಾಂದ್ರಮಾನ ವರ್ಷ ಅದರ ಅಂದಿನ ಮಾರುಕಟ್ಟೆ ಬೆಲೆಯ ಶೇ. 2.5 ಝಕಾತ್ ಸಲ್ಲಬೇಕು. ಬೆಲೆ 30 ಲಕ್ಷವಾದರೆ ವರ್ಷಕ್ಕೆ 75,000 ರೂಪಾಯಿ. ಬೆಲೆ ಏರುವುದನ್ನು ಕಾಯುವವನು ಮಾರಿದಾಗ ಒಂದು ವರ್ಷದ ಝಕಾತ್ ಕೊಟ್ಟರೆ ಸಾಕೆಂಬ ಅಭಿಪ್ರಾಯ ಮಾಲಿಕೀ ಮದ್‌ಹಬ್‌ನಲ್ಲಿದೆ. ಅವರವರು ತಮ್ಮ ವಿದ್ವಾಂಸರನ್ನು ಕೇಳಿಕೊಳ್ಳಲಿ. ಆದರೆ ಕೇಳುವವರೇ ಇಲ್ಲವಲ್ಲ ಎಂಬುದು ನಮ್ಮ ಕೊರಗು. ರಮಝಾನಿನಲ್ಲಿ ಒಡವೆಯನ್ನು ತೂಗಿ ಲೆಕ್ಕ ಹಾಕುವ ಮನೆಗಳಲ್ಲಿ ನಾಲ್ಕು ನಿವೇಶನಗಳ ಪತ್ರಗಳು ಬೀರುವಿನಲ್ಲಿ ಲೆಕ್ಕಕ್ಕೇ ಬಾರದೆ ಮಲಗಿರುತ್ತವೆ. ಆ ಝಕಾತ್ ಸರಿಯಾಗಿ ಹೊರಬಂದರೆ ಸೂರಿಲ್ಲದ ಎಷ್ಟು ಸಂಸಾರಗಳಿಗೆ ಆಸರೆಯಾದೀತು! ಪ್ರತಿ ವರ್ಷ ಝಕಾತ್ ಕೊಡಬೇಕಾದವನು ಭೂಮಿಯನ್ನು ಸುಮ್ಮನೆ ಬಿಡದೆ ಬಳಕೆಗೆ ತರಲೂ ಆತುರಪಡುತ್ತಾನೆ.

ಪರದೇಶದಲ್ಲಿ ಕೊಳ್ಳುವವರಿಗೂ ಒಂದು ಮಾತು. ನೆಲದ ಬೆಲೆ ಎಂದೂ ಇಳಿಯದು ಎಂಬುದು ಸುಳ್ಳು. 2008ರ ಜಾಗತಿಕ ಕುಸಿತದ ಬಳಿಕ ದುಬೈಯಲ್ಲಿ ಬೆಲೆಗಳು ಪಾತಾಳಕ್ಕಿಳಿದವು. 2009ರ ನವೆಂಬರ್‌ನಲ್ಲಿ ಸರಕಾರಿ ಒಡೆತನದ ದುಬೈ ವರ್ಲ್ಡ್ ಸಂಸ್ಥೆಯೇ ಸಾಲ ತೀರಿಸಲು ಕಾಲಾವಕಾಶ ಕೇಳಿತು. ಕಾಗದದ ಮೇಲೆ ಮಾತ್ರ ಇದ್ದ ಕಟ್ಟಡಗಳಿಗೆ ಕಂತು ಕಟ್ಟಿದ ಅನೇಕರು ಕೈಸುಟ್ಟುಕೊಂಡರು. ಇನ್ನೂ ಕಟ್ಟದ ಮನೆಯನ್ನು ಕಟ್ಟಿಸಿಕೊಳ್ಳುವ ಒಪ್ಪಂದಕ್ಕೆ ಫಿಕ್ಹ್‌ನಲ್ಲಿ ಇಸ್ತಿಸ್ನಾಅ್ ಎಂಬ ನ್ಯಾಯಬದ್ಧ ದಾರಿಯಿದೆ. ಆದರೆ ಕಟ್ಟಡ ಏಳುವ ಮುನ್ನವೇ ಅದನ್ನು ಒಬ್ಬರಿಂದೊಬ್ಬರಿಗೆ ಮಾರುತ್ತಾ ಹೋಗುವುದು ಬೇರೆಯೇ ವಿಷಯ. ಇಲ್ಲದ ವಸ್ತುವನ್ನು ಮಾರಬಾರದೆಂಬ ಮೂಲತತ್ತ್ವವನ್ನು ಅದು ಮುಟ್ಟುತ್ತದೆ. ಹಲಾಲ್ ಎಂಬ ಫಲಕ ಕಂಡೊಡನೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ ಏನಾಗುತ್ತದೆಂಬುದನ್ನು 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಮುಚ್ಚಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಕಣ್ಣೀರಿನಲ್ಲಿ ಕಲಿತಿವೆ.

ನಮ್ಮ ಈ ಮಾತುಗಳಿಗೆ ಆಕ್ಷೇಪ ಬರುವುದು ಸಹಜ. ಮರುಭೂಮಿಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿದವನು ಊರಿನಲ್ಲೊಂದು ಮನೆ ಕೊಂಡರೆ ಅದನ್ನೂ ಪ್ರಶ್ನಿಸುತ್ತೀರಾ ಎಂದು ಕೇಳುವರು. ಅವರ ನೋವು ನ್ಯಾಯವಾದುದು. ಕೊಲ್ಲಿಯಲ್ಲಿ ಎಷ್ಟು ವರ್ಷ ದುಡಿದರೂ ಹೆಚ್ಚಿನವರಿಗೆ ಆ ದೇಶ ತಮ್ಮದಾಗುವುದಿಲ್ಲ. ಒಂದು ದಿನ ಮರಳಲೇಬೇಕು. ಬಡ್ಡಿಯ ಠೇವಣಿ ಬೇಡವೆನ್ನುವ ಧರ್ಮನಿಷ್ಠನಿಗೆ ಉಳಿತಾಯವನ್ನಿಡಲು ಭೂಮಿಯ ಹೊರತು ಸುಲಭದ ದಾರಿ ಕಾಣುವುದಿಲ್ಲ ಎಂಬುದೂ ನಿಜ. ಆದುದರಿಂದ ಸ್ವಂತಕ್ಕೆಂದು, ಮಕ್ಕಳಿಗೆಂದು ಒಂದು ಮನೆ ಮಾಡುವವರನ್ನು ನಾವು ದೂಷಿಸುವುದಿಲ್ಲ. ಅವರಿಗಾಗಿ ದುಆ ಮಾಡುತ್ತೇವೆ. ನಮ್ಮ ಮಾತು ಎರಡನೆಯ, ಮೂರನೆಯ, ನಾಲ್ಕನೆಯ ಖರೀದಿಯ ಕುರಿತು. ಒಂದು ಕಾಲದ ಬರಿಗಾಲ ಕುರಿಗಾಹಿಗಳು ಎತ್ತರದ ಕಟ್ಟಡಗಳಲ್ಲಿ ಪೈಪೋಟಿ ನಡೆಸುವುದು ಅಂತ್ಯಕಾಲದ ಒಂದು ಸೂಚನೆಯೆಂದು ಪ್ರವಾದಿವರ್ಯರು(ಸ) ಜಿಬ್ರೀಲರಿಗೆ(ಅ) ಹೇಳಿದ್ದನ್ನು ಕೇಳುವಾಗ ನಾವು ಕೊಲ್ಲಿಯ ಗೋಪುರಗಳನ್ನು ನೆನೆಯುತ್ತೇವೆ. ಪೈಪೋಟಿ ಎಂಬ ಪದ ನಮ್ಮ ಬೀದಿಗೂ ತಾಗುತ್ತದೆಂಬುದನ್ನು ಮರೆಯುತ್ತೇವೆ.

ಕೊಳ್ಳುವವರಲ್ಲಿ ನಮ್ಮ ವಿನಂತಿಗಳು ಕೆಲವೇ. ಮನೆ ಕೊಳ್ಳುವ ಮೊದಲು ಅದರಲ್ಲಿ ಯಾರಿದ್ದಾರೆ, ಅವರಿಗೆ ಕೊಳ್ಳುವ ಆಸೆಯಿದೆಯೇ ಎಂದು ಕೇಳಿರಿ. ಇದ್ದರೆ ಸ್ವಲ್ಪ ಕಾಲ ಹಿಂದೆ ಸರಿಯಿರಿ. ಕೊಂಡ ಮೇಲೆ ಬೀಗ ಹಾಕದೆ ನ್ಯಾಯವಾದ ಬಾಡಿಗೆಗೆ ಕೊಡಿರಿ. ಪತ್ರ ನಿಮ್ಮದೇ ಹೆಸರಿನಲ್ಲಿರಲಿ, ಪತ್ನಿಗೂ ಮಕ್ಕಳಿಗೂ ಅದರ ಅರಿವಿರಲಿ. ಯಾವ ಉದ್ದೇಶದಿಂದ ಕೊಂಡಿರೆಂದು ಬರೆದಿಡಿರಿ, ಏಕೆಂದರೆ ಝಕಾತ್ ಆ ನಿಯ್ಯತ್ತಿನ ಮೇಲೆ ನಿಂತಿದೆ. ಸಾಧ್ಯವಾದರೆ ಹಲವು ನಿವೇಶನಗಳ ಪೈಕಿ ಒಂದನ್ನು ವಕ್ಫ್ ಮಾಡಿರಿ, ಇಲ್ಲವೇ ಬಾಡಿಗೆದಾರನೊಬ್ಬ ತಾನಿರುವ ಮನೆಯನ್ನು ತಾನೇ ಕೊಳ್ಳಲು ಬಡ್ಡಿಯಿಲ್ಲದ ಕರ್ಝೆ ಹಸನ ನೀಡಿರಿ. ಜಮಾಅತ್‌ಗಳಲ್ಲಿಯೂ ನಮ್ಮ ಕೋರಿಕೆಯಿದೆ. ಮೊಹಲ್ಲಾದಲ್ಲಿ ಮನೆ ಮಾರಾಟಕ್ಕೆ ಬಂದಾಗ ಅಲ್ಲಿರುವವರಿಗೆ ಮೊದಲ ಅವಕಾಶ ಕೊಡಿಸುವ ಮಧ್ಯಸ್ಥಿಕೆಯನ್ನು ವಹಿಸಿಕೊಳ್ಳಿರಿ. ಕಾನೂನು ಕೊಡದ ಹಕ್ಕನ್ನು ಹಿರಿಯರ ಒಂದು ಮಾತು ಕೊಡಬಲ್ಲದು. ಆ ಸಂಸಾರ ಯಾವ ಧರ್ಮದ್ದಾದರೂ ಸರಿ. ನೆರೆಯವನ ಹಕ್ಕಿನಲ್ಲಿ ಪ್ರವಾದಿವರ್ಯರು(ಸ) ಅಂತಹ ಭೇದ ಮಾಡಿಲ್ಲ.

ಕೊನೆಗೆ ಆ ಬೀಗದ ಕೈಯ ವಿಷಯ. ಕಳೆದ ರಮಝಾನಿನಲ್ಲಿ ನಾವು ಧೈರ್ಯ ಮಾಡಿ ಶಾರ್ಜಾಕ್ಕೆ ಕರೆ ಮಾಡಿದೆವು. ಮೊದಲು ನಮ್ಮ ತಪ್ಪನ್ನು ಹೇಳಿಕೊಂಡೆವು: ಬಾಡಿಗೆಯ ಸಂಸಾರ ಕಾಲಾವಕಾಶ ಕೇಳಿದ್ದ ಸಂಗತಿ ನಮಗೆ ತಿಳಿದಿತ್ತು, ನಿಮಗೆ ತಿಳಿಸಲಿಲ್ಲ ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕತೆ ಹೇಳಿದರು. ಅವರು ಅಲ್ಲಿ ಆರು ಮಂದಿಯೊಡನೆ ಒಂದು ಕೋಣೆಯಲ್ಲಿದ್ದಾರೆ. ಹಿಂದಿದ್ದ ಕಟ್ಟಡವನ್ನು ಯಾರೋ ಹೊರದೇಶದ ಹೂಡಿಕೆದಾರರು ಕೊಂಡರಂತೆ, ಬಾಡಿಗೆ ಏರಿತಂತೆ, ಹದಿನಾಲ್ಕು ವರ್ಷ ಇದ್ದ ಕೋಣೆ ಬಿಟ್ಟು ಕೆಲಸದಿಂದ ದೂರದ ಈ ಕೋಣೆಗೆ ಬರಬೇಕಾಯಿತಂತೆ. ಆ ಸಂಸಾರ ಯಾವ ಸ್ಥಿತಿಯಲ್ಲಿ ಹೊರಟಿರಬೇಕೆಂದು ತಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಎಂದರು.

ಮನೆಯನ್ನು ಅವರಿಗೇ ಹಳೆಯ ಬಾಡಿಗೆಗೆ ಕೊಡಿ ಎಂದು ಅವರು ಹೇಳಿದ ಮರುದಿನವೇ ನಾವು ಮಂಡಕ್ಕಿ ಭಟ್ಟಿಗೆ ಹೋದೆವು. ಆ ಸಹೋದರರು ನಮ್ಮನ್ನು ಆದರದಿಂದ ಕೂರಿಸಿ ಚಹಾ ತರಿಸಿದರು. ಆದರೆ ಬರಲಾಗದೆಂದರು. ಹೊಸ ಮನೆಗೆ ಮುಂಗಡ ಕೊಟ್ಟಾಗಿದೆ, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿಯಾಗಿದೆ, ಪದೇ ಪದೇ ಕೀಳಲು ಮಕ್ಕಳೇನು ಗಿಡಗಳೇ ಎಂದರು. ನಾವು ಕ್ಷಮೆ ಕೇಳಿದೆವು, ಅವರು ಕ್ಷಮಿಸಿದರು. ಈಗ ಆ ಮನೆಯಲ್ಲಿ ಬೇರೊಂದು ಸಂಸಾರವಿದೆ, ನ್ಯಾಯವಾದ ಬಾಡಿಗೆಗೆ. ಮಾರುವ ದಿನ ಬಂದರೆ ಮೊದಲು ಅವರನ್ನೇ ಕೇಳುವುದಾಗಿ ಶಾರ್ಜಾದವರು ಬರೆದು ಕಳುಹಿಸಿದ್ದಾರೆ. ಮೊದಲಿನ ಸಂಸಾರಕ್ಕೆ ಆದ ನಷ್ಟ ಮಾತ್ರ ಹಾಗೆಯೇ ಉಳಿದಿದೆ, ಅದರಲ್ಲಿ ನಮ್ಮ ಸಹಿಯೂ ಇದೆ.

ಓದುಗರೇ, ನಿಮ್ಮ ಬೀದಿಯಲ್ಲೂ ಬೀಗ ಬಿದ್ದ ಮನೆಯೊಂದು ಇರಬಹುದು. ಅದರ ಒಡೆಯರ ದೂರವಾಣಿ ಸಂಖ್ಯೆ ನಿಮ್ಮಲ್ಲಿಯೂ ಇರಬಹುದು. ತಡವಾಗುವ ಮುನ್ನ ಒಂದು ಕರೆ ಮಾಡಿರಿ.

ನಮ್ಮ ಸಂಪತ್ತನ್ನು ನಮಗೂ ನಮ್ಮ ನೆರೆಯವರಿಗೂ ಒಳಿತಿನ ಸಾಧನವನ್ನಾಗಿ ಅಲ್ಲಾಹನು ಮಾಡಲಿ. ನಾವು ಹಾಕುವ ಸಹಿಗಳ ಬಗ್ಗೆ ನಾಳೆ ನಾವು ನೀಡಬೇಕಾದ ಉತ್ತರವನ್ನು ಅವನು ಸುಲಭಗೊಳಿಸಲಿ. ಆಮೀನ್.